ಗೋಕಾಕದ ನೀರು, ತಾಮ್ರದ ಎಲೆಕ್ಟ್ರಾನು

ಗೋಕಾಕ ಫಾಲ್ಸಿನಲ್ಲಿ ಮೊದಲು ವಿದ್ಯುತ್ ತಯಾರಾದದ್ದು 1887ರಲ್ಲಿ ಎಂಬುದು ರೂಢಿಯ ಲೆಕ್ಕ. ಘಟಪ್ರಭೆ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುವ ಬಂಡೆಯ ಪಕ್ಕದಲ್ಲೇ ಆಗ ನೂಲಿನ ಗಿರಣಿ ತಲೆಯೆತ್ತಿತ್ತು, ಆ ನೀರಿನ ಬಲವನ್ನೇ ನಂಬಿಕೊಂಡು. ಕೇಂಬ್ರಿಜ್‌ನಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಪತ್ತೆ ಮಾಡಿದ್ದು 1897ರಲ್ಲಿ. ಅಂದರೆ, ತಂತಿಯೊಳಗೆ ಹರಿಯುವುದು ಏನೆಂದು ಜಗತ್ತಿನಲ್ಲಿ ಯಾರಿಗೂ ಗೊತ್ತಾಗುವ ಹತ್ತು ವರ್ಷ ಮೊದಲೇ ಇಲ್ಲಿ ಕರೆಂಟು ಹರಿದಿತ್ತು. ಗೊತ್ತಾಗಬೇಕೆಂದೇನೂ ಇರಲಿಲ್ಲ. ಅಯಸ್ಕಾಂತದ ಎದುರು ತಾಮ್ರದ ತಟ್ಟೆ ತಿರುಗಿದರೆ ವಿದ್ಯುತ್ ಹುಟ್ಟುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿದ್ದ. ಟರ್ಬೈನು ಕೂಡಿಸುವವರಿಗೆ ಅಷ್ಟು ಸಾಕಿತ್ತು.

ನಮಗೆ ಈಗ ಗೊತ್ತು. ಆದರೂ ನಮ್ಮಲ್ಲಿ ಅನೇಕರ ಮನಸ್ಸಿನಲ್ಲಿರುವ ಚಿತ್ರ ಹೀಗಿದೆ: ಪವರ್‌ಹೌಸಿನಲ್ಲಿ ಎಲೆಕ್ಟ್ರಾನುಗಳು ತಯಾರಾಗುತ್ತವೆ, ತಂತಿ ಹಿಡಿದು ಓಡಿಬರುತ್ತವೆ, ಮೋಟಾರು ಅವನ್ನು ತಿಂದುಹಾಕುತ್ತದೆ. ಮೂರೂ ಸುಳ್ಳು.

ಮೂಡಲಗಿ ಕಡೆಯ ಕಬ್ಬಿನ ಹೊಲದಲ್ಲಿ ಐದು ಅಶ್ವಶಕ್ತಿಯ ಮೋಟಾರು ಓಡುತ್ತಿದೆ ಎನ್ನಿ. ಪ್ರತಿ ಫೇಸಿನಲ್ಲೂ ಏಳೆಂಟು ಆಂಪಿಯರ್ ಹರಿಯುತ್ತದೆ. ಒಂದು ಆಂಪಿಯರ್ ಅಂದರೆ ಸೆಕೆಂಡಿಗೆ ಎಷ್ಟು ಎಲೆಕ್ಟ್ರಾನು ದಾಟಬೇಕು? 62 ಸಾವಿರವನ್ನು ಕೋಟಿಯಿಂದ ಗುಣಿಸಿ, ಬಂದದ್ದನ್ನು ಮತ್ತೊಮ್ಮೆ ಕೋಟಿಯಿಂದ ಗುಣಿಸಿದರೆ ಬರುವಷ್ಟು. ಇಷ್ಟು ದಂಡು ಹೊರಟರೂ ಅದರ ನಡಿಗೆ ನೋಡಿದರೆ ನಗು ಬರುತ್ತದೆ. 4 ಚದರ ಮಿಲಿಮೀಟರಿನ ತಾಮ್ರದ ಕೇಬಲ್ಲಿನಲ್ಲಿ, ಬ್ಯಾಟರಿಯಿಂದ ಬರುವಂಥ ಒಮ್ಮುಖದ ಕರೆಂಟು ಅಷ್ಟೇ ಪ್ರಮಾಣದಲ್ಲಿ ಹರಿದರೆ, ಎಲೆಕ್ಟ್ರಾನು ಮುಂದೆ ಸಾಗುವುದು ಗಂಟೆಗೆ ಅರ್ಧ ಮೀಟರು. ನಮ್ಮ ಲೈನಿನಲ್ಲಿ ಬರುವುದಂತೂ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹೋಗುವ ಕರೆಂಟು. ಅದರಲ್ಲಿ ಎಲೆಕ್ಟ್ರಾನು ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದ ಆಸುಪಾಸಿನಲ್ಲಿ ಅಲುಗಾಡಿಕೊಂಡು ಇದ್ದಲ್ಲೇ ಇರುತ್ತದೆ. ಹೊಲದ ಮೋಟಾರಿನ ಸುರುಳಿಯಲ್ಲಿರುವ ಎಲೆಕ್ಟ್ರಾನು ಫಾಲ್ಸನ್ನು ಕಂಡದ್ದೇ ಇಲ್ಲ. ಮೋಟಾರು ಕೊಂಡಾಗ ತಾಮ್ರದ ಜೊತೆಗೇ ಬಂದದ್ದು ಅದು.

ಹಾಗಾದರೆ ಸ್ವಿಚ್ ಒತ್ತಿದ ತಕ್ಷಣ ಮೋಟಾರು ತಿರುಗುವುದು ಹೇಗೆ? ಪೈಪು ಮೊದಲೇ ತುಂಬಿದ್ದರೆ ಈ ತುದಿಯಲ್ಲಿ ಒತ್ತಡ ಕೊಟ್ಟ ಕೂಡಲೇ ಆ ತುದಿಯಲ್ಲಿ ನೀರು ಚಿಮ್ಮುವುದಿಲ್ಲವೇ, ಹಾಗೆ. ತಂತಿಯೂ ಎಲೆಕ್ಟ್ರಾನುಗಳಿಂದ ತುಂಬಿಯೇ ಇರುತ್ತದೆ. ಬರುವುದು ನೂಕು ಮಾತ್ರ. ಆ ನೂಕು ತಂತಿಯ ಸುತ್ತಲಿನ ವಿದ್ಯುತ್ ಮತ್ತು ಕಾಂತ ಕ್ಷೇತ್ರದ ಮೂಲಕ, ಬೆಳಕಿಗೆ ಹತ್ತಿರದ ವೇಗದಲ್ಲಿ ಬರುತ್ತದೆ. ಹುಕ್ಕೇರಿ ತಾಲ್ಲೂಕಿಗೆ ಕರೆಂಟು ಹಂಚುವುದು 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಕರ್ನಾಟಕದಲ್ಲಿ ಅಂಥದ್ದು ಅದೊಂದೇ. ಗೋಕಾಕ, ಮೂಡಲಗಿಗೆ ಹೆಸ್ಕಾಂ. ಹಂಚುವವರು ಯಾರೇ ಇರಲಿ, ಬಿಲ್ಲಿನಲ್ಲಿ ಯಾರೂ ನಮಗೆ ಒಂದು ಎಲೆಕ್ಟ್ರಾನನ್ನೂ ಮಾರುವುದಿಲ್ಲ. ಮೀಟರು ಎಣಿಸುವುದು ಆ ನೂಕು ಮಾಡಿಸಿದ ಕೆಲಸವನ್ನು. ಅದಕ್ಕೆ ನೀರು ತೆರುವ ಬೆಲೆಯೂ ಸಣ್ಣದಲ್ಲ: ಗೋಕಾಕದ ಎತ್ತರದಿಂದ ಸಾವಿರ ಲೀಟರ್ ನೀರು ಬಿದ್ದರೆ, ಒಂದಿಷ್ಟೂ ಪೋಲಾಗದಿದ್ದರೂ ಸಿಗುವುದು 0.14 ಯುನಿಟ್.

ಇಷ್ಟೆಲ್ಲ ತಾಮ್ರದಲ್ಲಿ ನಡೆಯುತ್ತದೆ, ಅದೇ ಗಿರಣಿಯ ಹತ್ತಿಯ ನೂಲಿನಲ್ಲಿ ಯಾಕೆ ನಡೆಯುವುದಿಲ್ಲ? ನನಗೆ ಹೆಚ್ಚು ಕುತೂಹಲ ಇರುವುದು ಈ ಪ್ರಶ್ನೆಯಲ್ಲಿ. ರಸಾಯನಶಾಸ್ತ್ರದ ಪುಸ್ತಕ ಬಂಧಗಳ ಬಗ್ಗೆ ಒಂದು ಅಧ್ಯಾಯ ಇಡುತ್ತದೆ, ಭೌತಶಾಸ್ತ್ರದ ಪುಸ್ತಕ ವಿದ್ಯುತ್ತಿನ ಬಗ್ಗೆ ಇನ್ನೊಂದು. ಹುಡುಗರು ಎರಡನ್ನೂ ಬೇರೆ ಬೇರೆ ಬಾಯಿಪಾಠ ಮಾಡುತ್ತಾರೆ. ಎರಡರಲ್ಲೂ ಇರುವುದು ಅದೇ ಎಲೆಕ್ಟ್ರಾನು. ಅದನ್ನು ಯಾರು ಎಷ್ಟು ಬಿಗಿಯಾಗಿ ಹಿಡಿದಿದ್ದಾರೆ ಎಂಬುದಷ್ಟೇ ಬೇರೆ.

ತಾಮ್ರದ ಪ್ರತಿ ಪರಮಾಣುವಿನ ಹೊರಕವಚದಲ್ಲಿ ಒಂದು ಎಲೆಕ್ಟ್ರಾನು ಇರುತ್ತದೆ. ಕೋಟ್ಯಂತರ ಪರಮಾಣುಗಳು ಒತ್ತಾಗಿ ಕೂತಾಗ ಆ ಎಲೆಕ್ಟ್ರಾನುಗಳು ಯಾರೊಬ್ಬರ ಸ್ವತ್ತೂ ಆಗಿ ಉಳಿಯದೆ ಇಡೀ ಲೋಹದ ತುಂಬ ಓಡಾಡುತ್ತವೆ. ಲೋಹವನ್ನು ಒಟ್ಟಿಗೆ ಹಿಡಿದಿಡುವ ಬಂಧವೂ ಅವೇ, ಕರೆಂಟು ಹರಿಸುವವೂ ಅವೇ. ಸಕ್ಕರೆಯ ಕಥೆ ಬೇರೆ. ಅದರ ಒಂದು ಅಣುವಿನಲ್ಲಿ ಇಂಗಾಲ 12, ಜಲಜನಕ 22, ಆಮ್ಲಜನಕ 11. ಒಟ್ಟು 45 ಪರಮಾಣು. ಪಕ್ಕಪಕ್ಕದ ಎರಡು ಪರಮಾಣುಗಳು ಒಂದು ಜೋಡಿ ಎಲೆಕ್ಟ್ರಾನನ್ನು ಹಂಚಿಕೊಂಡು ಅಂಟಿಕೊಳ್ಳುತ್ತವೆ ಎಂದು ಅಮೆರಿಕದ ಗಿಲ್ಬರ್ಟ್ ಲೂಯಿಸ್ ಹೇಳಿದ್ದು 1916ರಲ್ಲಿ. ಹೀಗೆ ಜೋಡಿಯಾಗಿ ಕಟ್ಟುಬಿದ್ದ ಎಲೆಕ್ಟ್ರಾನು ಎಲ್ಲಿಗೂ ಹೋಗದು. ಹತ್ತಿಯೂ ಸಕ್ಕರೆಯ ಬಂಧುವೇ: ಗ್ಲೂಕೋಸಿನ ಉದ್ದನೆಯ ಸರಪಳಿ. ಹಿಂದೆ ಮೋಟಾರಿನ ತಾಮ್ರದ ತಂತಿಗೆ ಹತ್ತಿಯ ನೂಲನ್ನೇ ಸುತ್ತಿ ಇನ್ಸುಲೇಷನ್ ಮಾಡುತ್ತಿದ್ದುದು ಅದಕ್ಕೇ. ಫಾಲ್ಸಿನ ಬಂಡೆಯಲ್ಲಿ ಸಿಲಿಕಾನ್ ಮತ್ತು ಆಮ್ಲಜನಕ ಇದೇ ರೀತಿ, ಇನ್ನೂ ಬಿಗಿಯಾಗಿ ಕಟ್ಟಿಕೊಂಡಿವೆ. ಲೈನ್ ಕಂಬದ ಮೇಲಿನ ಪಿಂಗಾಣಿ ಇನ್ಸುಲೇಟರಿನಲ್ಲಿ ಇರುವುದೂ ಬಹುಪಾಲು ಅದೇ ಬಂಧ.

ಬಂಧ ಎಂಥದ್ದು ಎಂದು ತಿಳಿಯಲು 9 ವೋಲ್ಟಿನ ಬ್ಯಾಟರಿ ಮತ್ತು ಸಣ್ಣದೊಂದು ಎಲ್‌ಇಡಿ ಇದ್ದರೆ ಆಯಿತು. (ಮನೆಯ ಪ್ಲಗ್ಗಿಗೆ ಕೈ ಹಾಕಬೇಡಿ.) ಶುದ್ಧ ನೀರಿನಲ್ಲಿ ಸಕ್ಕರೆ ಎಷ್ಟು ಕರಗಿಸಿದರೂ ಬೆಳಕು ಬರದು, ಅಣು ಬಿಡಿಯಾಗುತ್ತದೆಯೇ ಹೊರತು ಒಡೆಯುವುದಿಲ್ಲ. ಬೆಲ್ಲ ಕರಗಿಸಿದರೆ ಒಂದಿಷ್ಟು ಕರೆಂಟು ಹರಿಯುತ್ತದೆ, ಗಾಣದ ಬೆಲ್ಲದಲ್ಲಿ ಪೊಟ್ಯಾಸಿಯಂ ಮೊದಲಾದ ಲವಣಗಳು ಉಳಿದುಕೊಂಡಿರುವುದರಿಂದ. ಉಪ್ಪು ಹಾಕಿದರೆ ಬೆಳಕು ಚೆನ್ನಾಗಿ ಹತ್ತುತ್ತದೆ. ಸೋಡಿಯಂ ತನ್ನ ಒಂದು ಎಲೆಕ್ಟ್ರಾನನ್ನು ಕ್ಲೋರಿನ್ನಿಗೆ ಕೊಟ್ಟೇಬಿಟ್ಟಿರುತ್ತದೆ. ನೀರಿನಲ್ಲಿ ಇಬ್ಬರೂ ಬೇರೆಯಾಗಿ ಒಬ್ಬರು ಧನ, ಒಬ್ಬರು ಋಣ ಅಯಾನುಗಳಾಗಿ ಚಲಿಸುತ್ತಾರೆ. ಇಲ್ಲಿ ಹರಿಯುವುದು ಬಿಡಿ ಎಲೆಕ್ಟ್ರಾನಲ್ಲ, ಎಲೆಕ್ಟ್ರಾನು ಕೊಟ್ಟವರು ಮತ್ತು ಪಡೆದವರು.

ಟಿಸಿಯ (ಟ್ರಾನ್ಸ್‌ಫಾರ್ಮರಿನ) ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ತುಂಬಿ ಬೇಸಿಗೆಯಲ್ಲಿ ನೀರು ಹೊಯ್ಯುವುದರ ಗುಟ್ಟೂ ಇದೇ. ಒಣಮಣ್ಣಿನಲ್ಲಿ ಅಯಾನು ಅಲುಗಾಡಲಾರದು. ಆದರೆ ಉಪ್ಪು ಸುರಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಸರಿಯಲ್ಲ. ಉಪ್ಪುನೀರಿನಲ್ಲಿ ಕಬ್ಬಿಣ ತನ್ನ ಎಲೆಕ್ಟ್ರಾನನ್ನು ಬೇಗ ಬಿಟ್ಟುಕೊಡುತ್ತದೆ, ಅಂದರೆ ಅರ್ಥಿಂಗ್ ಪೈಪೇ ತುಕ್ಕು ಹಿಡಿದು ಕರಗುತ್ತದೆ.

ಇದಕ್ಕಿಂತ ಹೆಚ್ಚು ಕಾಟ ಕೊಡುವುದು ಲೈನಿನ ಅಲ್ಯೂಮಿನಿಯಂ ತಂತಿಗೆ ಪಂಪ್‌ಸೆಟ್ಟಿನ ತಾಮ್ರವನ್ನು ಹಾಗೇ ಸುತ್ತಿ ಬಿಗಿದ ಜೋಡಣೆ. ಅಲ್ಯೂಮಿನಿಯಂ ತಾಮ್ರಕ್ಕಿಂತ ಸುಲಭವಾಗಿ ಎಲೆಕ್ಟ್ರಾನು ಬಿಡುವ ಲೋಹ. ನಡುವೆ ಮಳೆಯ ತೇವ ಸೇರಿದರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ತಯಾರು. ಅಲ್ಯೂಮಿನಿಯಂ ಸವೆಯುತ್ತದೆ, ಆಮ್ಲಜನಕದೊಂದಿಗೆ ಬಂಧ ಕಟ್ಟಿಕೊಂಡು ಬಿಳಿ ಪುಡಿಯಾಗುತ್ತದೆ. ಆ ಪುಡಿಯಲ್ಲಿ ಎಲೆಕ್ಟ್ರಾನು ಕಟ್ಟುಬಿದ್ದಿರುವುದರಿಂದ ಕರೆಂಟಿಗೆ ದಾರಿಯಿಲ್ಲ. ಜೋಡಣೆ ಕಾಯುತ್ತದೆ, ಒಂದು ಫೇಸು ಹೋಗುತ್ತದೆ, ಉಳಿದ ಎರಡರಲ್ಲಿ ಏದುಸಿರು ಬಿಡುತ್ತ ಮೋಟಾರು ಸುಡುತ್ತದೆ. ಎರಡು ಲೋಹದ ಬೈಮೆಟಾಲಿಕ್ ಲಗ್ ಹಾಕಿದರೆ ತಪ್ಪುವ ಖರ್ಚು ಇದು.

ಮಳೆಗಾಲ ಮುಗಿದು ಹೊಳೆ ಇಳಿಯುವ ಹೊತ್ತಿಗೆ ಕಬ್ಬು ನುರಿಸುವ ಹಂಗಾಮು. ಈ ಭಾಗದ ಸಕ್ಕರೆ ಕಾರ್ಖಾನೆಗಳು ರಸ ಹಿಂಡಿದ ಸಿಪ್ಪೆಯನ್ನು ಸುಟ್ಟು ಕರೆಂಟು ತಯಾರಿಸುತ್ತವೆ. ಸಿಪ್ಪೆಯ ಬಂಧಗಳನ್ನು ಒಡೆದಾಗ ಶಕ್ತಿ ಹೊರಬೀಳುತ್ತದೆ ಎಂದು ಸಾಮಾನ್ಯವಾಗಿ ಹೇಳುವುದುಂಟು. ಅದು ತಲೆಕೆಳಗಾದ ಮಾತು. ಯಾವುದೇ ಬಂಧ ಒಡೆಯಲು ಶಕ್ತಿ ಕೊಡಬೇಕು. ಒಲೆ ಹೊತ್ತಿಸಲು ಮೊದಲು ಕಡ್ಡಿ ಗೀರುವುದು ಅದಕ್ಕೇ. ಇಂಗಾಲ, ಜಲಜನಕಗಳ ಎಲೆಕ್ಟ್ರಾನುಗಳು ಆಮ್ಲಜನಕದ ಹಿಡಿತಕ್ಕೆ ಹೋಗಿ ಇನ್ನೂ ಬಿಗಿಯಾದ ಬಂಧದಲ್ಲಿ ನೆಲೆ ನಿಂತಾಗ ಕೊಟ್ಟದ್ದಕ್ಕಿಂತ ಹೆಚ್ಚು ಶಕ್ತಿ ಮರಳಿ ಬರುತ್ತದೆ, ಅದೇ ಬೆಂಕಿ. ಅದರಿಂದ ಹಬೆ, ಹಬೆಯಿಂದ ಟರ್ಬೈನು, ಮುಂದಿನದು ಗೋಕಾಕದಲ್ಲಿ ನಡೆದದ್ದೇ. ಸಿಪ್ಪೆಯಲ್ಲಿದ್ದ ಎಲೆಕ್ಟ್ರಾನು ಮಾತ್ರ ಒಂದೂ ತಂತಿಗೆ ಇಳಿಯುವುದಿಲ್ಲ. ಇಂಗಾಲದ ಡೈಆಕ್ಸೈಡಿನಲ್ಲಿ, ನೀರಾವಿಯಲ್ಲಿ ಕಟ್ಟುಬಿದ್ದು ಚಿಮಣಿಯಿಂದ ಹೊರಟುಹೋಗುತ್ತವೆ.