ಎಂಜಿನ್ ಇಲ್ಲದ ಕಾರಿನ ಓಟ

ಅಮೆರಿಕದ ಲಾಸ್ ಏಂಜಲೀಸ್ ಬಳಿಯ ಮ್ಯಾನ್‌ಹಟನ್ ಬೀಚ್ ಎಂಬ ಕಡಲತೀರದ ಊರಿನಲ್ಲಿ 1953ರ ಮೇ ತಿಂಗಳಲ್ಲಿ ಒಂದು ಕಾರ್ ರೇಸ್ ನಡೆಯಿತು. ಸ್ಪರ್ಧೆಗಿಳಿದ ಯಾವ ಕಾರಿಗೂ ಎಂಜಿನ್ ಇರಲಿಲ್ಲ. ಕೀಲಿ ಕೊಡುವ ಸ್ಪ್ರಿಂಗ್ ಇರಲಿಲ್ಲ, ಬ್ಯಾಟರಿಯೂ ಇರಲಿಲ್ಲ. ಗೇಣುದ್ದದ ಪೈನ್ ಮರದ ತುಂಡು, ಅದಕ್ಕೆ ನಾಲ್ಕು ಪುಟ್ಟ ಗಾಲಿ, ಅಚ್ಚಿನ ಬದಲು ಮೊಳೆ. ಹುಡುಗರು ತಾವೇ ಕೆತ್ತಿ, ಉಜ್ಜಿ, ಬಣ್ಣ ಬಳಿದ ಈ ಕಾರುಗಳನ್ನು 31 ಅಡಿ ಉದ್ದದ ಮರದ ಇಳಿಜಾರಿನ ನೆತ್ತಿಯಲ್ಲಿ ನಿಲ್ಲಿಸಿ ಬಿಟ್ಟುಬಿಡುತ್ತಿದ್ದರು. ಗುರಿ ಮುಟ್ಟಿದ್ದನ್ನು ಸಾರುವ ಯಂತ್ರವನ್ನು ಮನೆ ಬಾಗಿಲಿನ ಕರೆಗಂಟೆಗಳಿಂದ ಮಾಡಲಾಗಿತ್ತು.

ಈ ಆಟವನ್ನು ರೂಪಿಸಿದವರು ಡಾನ್ ಮರ್ಫಿ. ನಾರ್ತ್ ಅಮೆರಿಕನ್ ಏವಿಯೇಷನ್ ಎಂಬ ವಿಮಾನ ಕಂಪನಿಯ ಉದ್ಯೋಗಿ, ಊರಿನ ಕಬ್ ಸ್ಕೌಟ್ (ಸ್ಕೌಟ್‌ನ ಕಿರಿಯ ಮಕ್ಕಳ ವಿಭಾಗ) ತಂಡದ ಮುಖ್ಯಸ್ಥ. ಆ ಕಾಲದ ಅಮೆರಿಕದಲ್ಲಿ ‘ಸೋಪ್ ಬಾಕ್ಸ್ ಡರ್ಬಿ’ ಬಹಳ ಜನಪ್ರಿಯವಾಗಿತ್ತು. ಮಕ್ಕಳು ಗಾಲಿ ಜೋಡಿಸಿದ ಪೆಟ್ಟಿಗೆಯಲ್ಲಿ ತಾವೇ ಕುಳಿತು ಇಳಿಜಾರಿನಲ್ಲಿ ಧಾವಿಸುವ ಸ್ಪರ್ಧೆ ಅದು. ಓಹಾಯೋ ರಾಜ್ಯದ ಡೇಟನ್ ನಗರದಲ್ಲಿ 1933ರಲ್ಲಿ ಹುಡುಗರು ಹೀಗೆ ಆಡುವುದನ್ನು ಕಂಡ ಪತ್ರಿಕಾ ಛಾಯಾಗ್ರಾಹಕ ಮೈರನ್ ಸ್ಕಾಟ್ ಅದಕ್ಕೆ ಸ್ಪರ್ಧೆಯ ರೂಪ ಕೊಟ್ಟಿದ್ದರು. ಮರ್ಫಿಯವರ ಹತ್ತು ವರ್ಷದ ಮಗನಿಗೆ ಅದರಲ್ಲಿ ಭಾಗವಹಿಸುವ ವಯಸ್ಸು ಇನ್ನೂ ಆಗಿರಲಿಲ್ಲ. ಮಕ್ಕಳು ಕೂರುವ ಕಾರು ಬೇಡ, ಮಕ್ಕಳ ಕೈಯಲ್ಲಿ ಹಿಡಿಯುವ ಕಾರೇ ಸಾಕು ಎಂದು ಅಪ್ಪ ಯೋಚಿಸಿದರು. ಪೈನ್‌ವುಡ್ ಡರ್ಬಿ ಹುಟ್ಟಿದ್ದು ಹೀಗೆ. ಸ್ಕೌಟ್‌ಗಳ ‘ಬಾಯ್ಸ್ ಲೈಫ್’ ಪತ್ರಿಕೆ 1954ರ ಅಕ್ಟೋಬರ್ ಸಂಚಿಕೆಯಲ್ಲಿ ಇದನ್ನು ಪರಿಚಯಿಸಿದ ಮೇಲೆ ಆಟ ದೇಶದ ತುಂಬ ಹಬ್ಬಿತು. ಎಪ್ಪತ್ತು ವರ್ಷ ಕಳೆದರೂ ಅಮೆರಿಕದ ಕಬ್ ಸ್ಕೌಟ್‌ಗಳು ಅದನ್ನು ಬಿಟ್ಟಿಲ್ಲ.

ಆಟದ ನಿಯಮಗಳು ಸರಳ. ಎಲ್ಲರಿಗೂ ಒಂದೇ ಅಳತೆಯ, ಏಳು ಇಂಚು ಅಂದರೆ ಸುಮಾರು 18 ಸೆಂಟಿಮೀಟರ್ ಉದ್ದದ ಮರದ ತುಂಡು. ಒಂದೇ ಬಗೆಯ ಗಾಲಿ, ಒಂದೇ ಬಗೆಯ ಮೊಳೆ. ಸಿದ್ಧವಾದ ಕಾರು ಐದು ಔನ್ಸ್, ಅಂದರೆ ಸುಮಾರು 142 ಗ್ರಾಂ ಮೀರಬಾರದು. ಕಾರನ್ನು ಯಾರೂ ತಳ್ಳುವಂತಿಲ್ಲ. ಸಾಮಗ್ರಿ ಒಂದೇ, ಇಳಿಜಾರು ಒಂದೇ ಎಂದಮೇಲೆ ಎಲ್ಲ ಕಾರುಗಳೂ ಒಟ್ಟಿಗೇ ಗುರಿ ಮುಟ್ಟಬೇಕಲ್ಲ? ಹಾಗೆ ಎಂದೂ ಆಗುವುದಿಲ್ಲ. ಆಟದ ವಿಜ್ಞಾನವೆಲ್ಲ ಇರುವುದು ಇಲ್ಲಿಯೇ.

ಶಕ್ತಿಯ ಲೆಕ್ಕಪತ್ರ

ಎತ್ತರದಲ್ಲಿಟ್ಟ ವಸ್ತುವಿನಲ್ಲಿ ಪ್ರಚ್ಛನ್ನ ಶಕ್ತಿ ಇರುತ್ತದೆ, ಅದು ಕೆಳಗಿಳಿಯುವಾಗ ಈ ಶಕ್ತಿ ಚಲನ ಶಕ್ತಿಯಾಗಿ ಬದಲಾಗುತ್ತದೆ ಎಂಬುದು ಪ್ರೌಢಶಾಲೆಯ ಪಾಠ. ಇಳಿಜಾರಿನ ನೆತ್ತಿ ನೆಲದಿಂದ 1.2 ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. 142 ಗ್ರಾಂ ಕಾರಿಗೆ ಅಲ್ಲಿ ಸಿಗುವ ಶಕ್ತಿ ಸುಮಾರು 1.7 ಜೂಲ್. ಅದರಲ್ಲಿ ಒಂದಿಷ್ಟೂ ಸೋರಿಹೋಗದಿದ್ದರೆ ಕಾರು ಕೆಳಗೆ ತಲುಪಿದಾಗ ಅದರ ವೇಗ ಸೆಕೆಂಡಿಗೆ 4.8 ಮೀಟರ್‌ಗೂ ತುಸು ಹೆಚ್ಚು, ಅಂದರೆ ಗಂಟೆಗೆ ಹದಿನೇಳು ಕಿಲೋಮೀಟರ್‌ನಷ್ಟು. ಅಷ್ಟು ಎತ್ತರದಿಂದ ಇಳಿದು ಇದಕ್ಕಿಂತ ಹೆಚ್ಚಿನ ವೇಗ ಯಾವ ಜಾಣನ ಕಾರಿಗೂ ದಕ್ಕದು, ಏಕೆಂದರೆ ಗುರುತ್ವದ ಹೊರತು ಶಕ್ತಿಯ ಇನ್ನೊಂದು ಮೂಲವೇ ಇಲ್ಲ.

ಜಾತ್ರೆಗೆ ಹೊರಟ ಮಕ್ಕಳಿಗೆಲ್ಲ ಅಜ್ಜ ತಲಾ ಹತ್ತು ರೂಪಾಯಿ ಕೊಟ್ಟು ಕಳಿಸಿದ ಹಾಗೆ ಇದು. ಗಳಿಕೆ ಎಲ್ಲರಿಗೂ ಒಂದೇ, ವ್ಯತ್ಯಾಸವಿರುವುದು ಖರ್ಚಿನಲ್ಲಿ. ಈ ಓಟದಲ್ಲಿ ಗೆಲ್ಲುವುದು ಕಡಿಮೆ ಪೋಲು ಮಾಡಿದ ಕಾರು.

ಹಾಗಾದರೆ ಶಕ್ತಿ ಪೋಲಾಗುವುದು ಎಲ್ಲೆಲ್ಲಿ?

ಮೊದಲ ಕಳ್ಳ ಅಚ್ಚಿನಲ್ಲಿದ್ದಾನೆ. ಗಾಲಿಯ ತೂತು ಮೊಳೆಗೆ ಉಜ್ಜುವ ಕಡೆ ಘರ್ಷಣೆಯಿಂದ ಚಲನ ಶಕ್ತಿ ಶಾಖವಾಗಿ ಹೋಗಿಬಿಡುತ್ತದೆ. ಕಾರ್ಖಾನೆಯಿಂದ ಬಂದ ಮೊಳೆಯ ಮೇಲೆ, ಅದರಲ್ಲೂ ತಲೆಯ ಕೆಳಭಾಗದಲ್ಲಿ, ಲೋಹದ ಸಣ್ಣ ಮುಳ್ಳುಗಳಿರುತ್ತವೆ. ಅನುಭವಿ ಹುಡುಗರು ಅವನ್ನು ಅರದಿಂದ ಉಜ್ಜಿ, ನುಣ್ಣನೆಯ ಸ್ಯಾಂಡ್‌ಪೇಪರಿನಿಂದ ಹೊಳಪು ಕೊಟ್ಟು, ಗ್ರಾಫೈಟ್ ಪುಡಿ ಹಚ್ಚುತ್ತಾರೆ. ಪೆನ್ಸಿಲ್ಲಿನ ಕಡ್ಡಿಯಲ್ಲಿರುವುದೂ ಇದೇ ಗ್ರಾಫೈಟ್. ಅದರಲ್ಲಿ ಇಂಗಾಲದ ಪರಮಾಣುಗಳು ಪದರ ಪದರವಾಗಿ ಜೋಡಣೆಯಾಗಿದ್ದು, ಒಂದು ಪದರ ಇನ್ನೊಂದರ ಮೇಲೆ ಸುಲಭವಾಗಿ ಜಾರುತ್ತದೆ. ಅಚ್ಚು ಸೊಟ್ಟಗಿದ್ದರಂತೂ ನಷ್ಟ ಇನ್ನೂ ಹೆಚ್ಚು. ಕಾರು ಅತ್ತಿತ್ತ ವಾಲಿ, ದಾರಿಯ ನಡುವಿನ ಪಟ್ಟಿಗೆ ಮತ್ತೆ ಮತ್ತೆ ಬಡಿಯುತ್ತದೆ. ಪ್ರತಿ ಬಡಿತಕ್ಕೂ ಶಕ್ತಿ ತೆರಬೇಕು.

ಎರಡನೆಯ ಖರ್ಚು ಗಾಲಿ ತಿರುಗುವುದರಲ್ಲಿ. ಕಾರು ಮುಂದೆ ಹೋಗಬೇಕಾದರೆ ಗಾಲಿ ಸುತ್ತಲೇಬೇಕು, ಸುತ್ತುವುದಕ್ಕೂ ಶಕ್ತಿ ಬೇಕು. ಗಾಲಿಯ ತೂಕ ಅಂಚಿನಲ್ಲಿದ್ದಷ್ಟೂ ಈ ಖರ್ಚು ಏರುತ್ತದೆ. ಇದನ್ನು ಮನೆಯಲ್ಲೇ ನೋಡಬಹುದು. ಓರೆಯಾಗಿಟ್ಟ ಹಲಗೆಯ ಮೇಲಿಂದ ಒಂದು ಬಳೆಯನ್ನೂ ಒಂದು ಕೇರಂ ಸ್ಟ್ರೈಕರನ್ನೂ ಅಂಚಿನ ಮೇಲೆ ನಿಲ್ಲಿಸಿ ಒಟ್ಟಿಗೇ ಉರುಳಿಸಿ. ಸ್ಟ್ರೈಕರ್ ಮೊದಲು ಕೆಳಗಿರುತ್ತದೆ. ಬಳೆ ತನ್ನ ಶಕ್ತಿಯ ಅರ್ಧದಷ್ಟನ್ನು ಸುತ್ತುವುದಕ್ಕೇ ವ್ಯಯಿಸುತ್ತದೆ, ಇಡೀ ಬಿಲ್ಲೆಯಾದ ಸ್ಟ್ರೈಕರ್ ಮೂರರಲ್ಲಿ ಒಂದು ಪಾಲನ್ನು ಮಾತ್ರ. ಡರ್ಬಿಯ ಜಾಣರು ಒಂದು ಮುಂಗಾಲಿಯನ್ನು ನೆಲಕ್ಕೆ ತಾಗದಂತೆ ಕೂದಲೆಳೆಯಷ್ಟು ಮೇಲಕ್ಕೆ ಜೋಡಿಸುವುದುಂಟು. ಆಗ ಸುತ್ತಿಸಬೇಕಾದದ್ದು ಮೂರೇ ಗಾಲಿ.

ಮೂರನೆಯದು ಗಾಳಿ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಚಪ್ಪಟೆಯಾಗಿ, ಮುಂದಕ್ಕೆ ಚೂಪಾಗಿ ಕೆತ್ತಿದ ಕಾರಿಗೆ ಇದರಿಂದ ಅನುಕೂಲ. ಆದರೆ ಇಷ್ಟು ಕಡಿಮೆ ವೇಗದಲ್ಲಿ, ಕಣ್ಣಿಗೆ ಕಾಣುವ ಆಕಾರಕ್ಕಿಂತ ಕಾಣದೆ ಅಡಗಿರುವ ಅಚ್ಚಿನ ಪಾತ್ರವೇ ದೊಡ್ಡದು. ಚಂದದ ಕಾರು ಸೋತು ಬೋಳು ಹಲಗೆಯಂಥ ಕಾರು ಗೆಲ್ಲುವುದು ಇದಕ್ಕೇ.

ತೂಕ ಎಷ್ಟು, ಎಲ್ಲಿ?

ಭಾರವಾದದ್ದು ಬೇಗ ಬೀಳುವುದಿಲ್ಲ ಎಂದು ನಾಲ್ಕು ಶತಮಾನಗಳ ಹಿಂದೆ ಗೆಲಿಲಿಯೊ ವಾದಿಸಿದ್ದ. ನೇರ ಬೀಳುವ ವಸ್ತುವನ್ನು ಅಳೆಯಲು ತಕ್ಕ ಗಡಿಯಾರ ಆಗ ಇರಲಿಲ್ಲ. ಅವನು ಮರದ ತೊಲೆಯಲ್ಲಿ ಉದ್ದಕ್ಕೂ ತೋಡು ಕೊರೆದು, ಅದನ್ನು ಓರೆಯಾಗಿಟ್ಟು, ಕಂಚಿನ ಗುಂಡು ಉರುಳಿಸಿ, ಪಾತ್ರೆಯಿಂದ ಸೋರುವ ನೀರನ್ನು ತೂಗಿ ಕಾಲವನ್ನು ಅಳೆದ. ಇಳಿಜಾರು ಪತನವನ್ನು ನಿಧಾನಗೊಳಿಸಿ ಅಳತೆಗೆ ಒಗ್ಗಿಸುತ್ತದೆ ಎಂಬುದೇ ಅವನ ಉಪಾಯ. 1638ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಈ ಪ್ರಯೋಗದ ವಿವರವಿದೆ. ಡರ್ಬಿಯ ಹುಡುಗರು ಆಡುವುದು ಗೆಲಿಲಿಯೊನ ಪ್ರಯೋಗಶಾಲೆಯಲ್ಲಿಯೇ.

ಹಾಗಿದ್ದರೂ ಎಲ್ಲರೂ ತಮ್ಮ ಕಾರನ್ನು 142 ಗ್ರಾಮಿನ ಅಂಚಿಗೇ ತಂದು ನಿಲ್ಲಿಸುವುದೇಕೆ? ಗೆಲಿಲಿಯೊನ ಮಾತು ಅಡ್ಡಿ ಆತಂಕಗಳಿಲ್ಲದ ಪತನಕ್ಕೆ ಅನ್ವಯಿಸುತ್ತದೆ. ಇಲ್ಲಿ ಗಾಳಿಯಿದೆ. ಕಾರಿನ ಆಕಾರ ಒಂದೇ ಆಗಿದ್ದರೆ, ಅದು ಹಗುರವಿರಲಿ ಭಾರವಿರಲಿ, ಗಾಳಿ ಹಾಕುವ ತಡೆ ಒಂದೇ. ಭಾರದ ಕಾರಿನ ಬಳಿ ಶಕ್ತಿ ಹೆಚ್ಚಿರುವುದರಿಂದ ಅದೇ ನಷ್ಟ ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಗಾಲಿಗಳು ನುಂಗುವ ಪಾಲೂ ಒಟ್ಟು ಶಕ್ತಿಯಲ್ಲಿ ಚಿಕ್ಕದಾಗುತ್ತದೆ.

ತೂಕ ಎಲ್ಲಿ ಕೂರಬೇಕು ಎಂಬುದು ಇನ್ನೂ ಸ್ವಾರಸ್ಯದ ಪ್ರಶ್ನೆ. ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಂತ ಕಾರಿನ ಹಿಂಭಾಗ ಮೇಲಿರುತ್ತದೆ. ತೂಕವನ್ನು ಹಿಂದಕ್ಕೆ ಸರಿಸಿದರೆ ಕಾರಿನ ಗುರುತ್ವ ಕೇಂದ್ರ ಇನ್ನಷ್ಟು ಎತ್ತರದಿಂದ ಇಳಿಯುತ್ತದೆ. ಇಳಿಜಾರು 30 ಡಿಗ್ರಿ ಇದ್ದು, ಗುರುತ್ವ ಕೇಂದ್ರವನ್ನು ಐದು ಸೆಂಟಿಮೀಟರ್ ಹಿಂದೆ ತಂದರೆ ಸಿಗುವ ಹೆಚ್ಚುವರಿ ಎತ್ತರ ಎರಡೂವರೆ ಸೆಂಟಿಮೀಟರ್. 120 ಸೆಂಟಿಮೀಟರಿಗೆ ಹೋಲಿಸಿದರೆ ಅದು ಶೇಕಡಾ ಎರಡು, ವೇಗದಲ್ಲಿ ಆಗುವ ಲಾಭ ಶೇಕಡಾ ಒಂದು. ಇಷ್ಟೇನಾ ಎನ್ನಬೇಡಿ. ಇಳಿಜಾರಿನ ನಂತರ ಹತ್ತು ಮೀಟರ್ ಸಮತಟ್ಟಾದ ದಾರಿಯಿದ್ದರೆ ಈ ಶೇಕಡಾ ಒಂದರಿಂದ ಹತ್ತು ಸೆಂಟಿಮೀಟರಿನ ಮುನ್ನಡೆ ಸಿಗುತ್ತದೆ. ಅದು ಕಾರಿನ ಅರ್ಧ ಉದ್ದಕ್ಕಿಂತ ಹೆಚ್ಚು. ಆದರೆ ಅತಿಯಾಗಿ ಹಿಂದಕ್ಕೆ ಸರಿಸಿದರೆ ಮೂತಿ ಮೇಲೆದ್ದು ಕಾರು ದಾರಿ ತಪ್ಪುತ್ತದೆ. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಓಡಿಸಿಯೇ ಕಲಿಯಬೇಕು.

ಮೋಸಕ್ಕೂ ಭೌತಶಾಸ್ತ್ರ ಬೇಕು

ಎಲ್ಲರಿಗೂ ಒಂದೇ ಶಕ್ತಿ ಎಂಬ ಕರಾರನ್ನು ಮುರಿದ ಪ್ರಸಂಗವೊಂದು ದೊಡ್ಡ ಕಾರುಗಳ ಸೋಪ್ ಬಾಕ್ಸ್ ಡರ್ಬಿಯಲ್ಲಿ 1973ರಲ್ಲಿ ನಡೆಯಿತು. ಓಹಾಯೋದ ಆಕ್ರನ್ ನಗರದಲ್ಲಿ ನಡೆದ ರಾಷ್ಟ್ರೀಯ ಸ್ಪರ್ಧೆಯನ್ನು ಗೆದ್ದ ಹದಿನಾಲ್ಕರ ಹುಡುಗನ ಕಾರು ಹೊರಡುವಾಗಲೇ ಜಿಗಿದಂತೆ ಮುನ್ನುಗ್ಗುತ್ತಿತ್ತು. ಎಕ್ಸ್-ರೇ ತೆಗೆದಾಗ ಮೂತಿಯೊಳಗೆ ವಿದ್ಯುತ್ಕಾಂತ ಸಿಕ್ಕಿತು. ಕಾರುಗಳನ್ನು ತಡೆದು ನಿಲ್ಲಿಸುವ ಉಕ್ಕಿನ ಫಲಕ ಮುಂದಕ್ಕೆ ಬೀಳುವಾಗ ಈ ಕಾಂತ ಅದಕ್ಕೆ ಅಂಟಿ ಕಾರನ್ನು ಎಳೆದುಕೊಳ್ಳುತ್ತಿತ್ತು. ಸುತ್ತಿನಿಂದ ಸುತ್ತಿಗೆ ಬ್ಯಾಟರಿ ಸೊರಗಿದಂತೆ ಕಾರೂ ನಿಧಾನವಾಗುತ್ತ ಬಂದಿತ್ತು. ಪ್ರಶಸ್ತಿ ಕಿತ್ತುಕೊಳ್ಳಲಾಯಿತು. ಈ ಉಪಾಯದ ಹಿಂದೆ ಇದ್ದದ್ದು ಮನೆಯ ಹಿರಿಯರ ಕೈ. ಮಕ್ಕಳ ಆಟಕ್ಕೆ ದೊಡ್ಡವರ ಗೆಲುವಿನ ಹಂಬಲ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ನಮ್ಮ ಶಾಲೆಯ ಅಂಗಳದಲ್ಲಿ

ಈ ಆಟಕ್ಕೆ ಪೈನ್ ಮರವೇ ಆಗಬೇಕಿಲ್ಲ. ಬಿಸಾಡುವ ವಸ್ತುಗಳಿಂದಲೇ ವಿಜ್ಞಾನದ ಆಟಿಕೆ ಮಾಡಬಹುದೆಂದು ದಶಕಗಳಿಂದ ತೋರಿಸುತ್ತ ಬಂದಿರುವ ಅರವಿಂದ ಗುಪ್ತ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅದೇ ದಾರಿಯಲ್ಲಿ ನಾವೂ ಹೋಗಬಹುದು. ದಪ್ಪ ರಟ್ಟಿನ ತುಂಡು ಕಾರಿನ ಮೈ, ನೀರಿನ ಬಾಟಲಿಯ ಮುಚ್ಚಳಗಳು ಗಾಲಿ, ಸೈಕಲ್ ಕಡ್ಡಿ ಅಥವಾ ಬಿದಿರಿನ ಕಡ್ಡಿ ಅಚ್ಚು. ಅಚ್ಚು ಸಲೀಸಾಗಿ ತಿರುಗಲು ರಟ್ಟಿನ ಅಡಿಗೆ ಎರಡು ಸ್ಟ್ರಾ ತುಂಡು ಅಂಟಿಸಿದರಾಯಿತು. ಮುಚ್ಚಳದ ತೂತು ಮಾತ್ರ ನಟ್ಟನಡುವೆ ಇರಬೇಕು, ಇಲ್ಲವಾದರೆ ಕಾರು ಕುಂಟುತ್ತದೆ. ಎಂಟು ಅಡಿ ಉದ್ದದ ಪ್ಲೈವುಡ್ಡಿನ ಒಂದು ತುದಿಯನ್ನು ಬೆಂಚಿನ ಮೇಲಿಟ್ಟರೆ ಇಳಿಜಾರು ಸಿದ್ಧ.

ಮಕ್ಕಳನ್ನು ನಾಲ್ಕು ನಾಲ್ಕರ ಗುಂಪು ಮಾಡಿ. ಒಬ್ಬರು ಕಾರು ಬಿಡಲಿ, ಒಬ್ಬರು ಹೊತ್ತು ನೋಡಲಿ, ಒಬ್ಬರು ಗುರಿಯ ಬಳಿ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆಯಲಿ, ಒಬ್ಬರು ಬರೆದಿಡಲಿ. ಅಂಟುಪಟ್ಟಿಯಿಂದ ಒಂದು ನಾಣ್ಯವನ್ನು ಕಾರಿನ ಮುಂದೆ, ನಡುವೆ, ಹಿಂದೆ ಅಂಟಿಸಿ ಓಡಿಸಿ ನೋಡಲಿ. ಪ್ಲೈವುಡ್ಡಿನ ಒಂದು ಬದಿ ಇನ್ನೊಂದಕ್ಕಿಂತ ನುಣುಪಾಗಿರಬಹುದು, ಆದ್ದರಿಂದ ಪ್ರತಿ ಕಾರೂ ಪ್ರತಿ ಸಾಲಿನಲ್ಲಿ ಒಮ್ಮೆ ಓಡಲಿ, ಎಲ್ಲ ಓಟಗಳ ಕಾಲವನ್ನು ಕೂಡಿ ಗೆಲುವು ನಿರ್ಧರಿಸಿ. ಡರ್ಬಿಗಳಲ್ಲಿ ಹೀಗೆ ಸಾಲು ಬದಲಿಸುವ ಪದ್ಧತಿ ಇದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ಕಟ್ಟುನಿಟ್ಟಾದ ನಿಯಮವಾಗಿರಲಿ. ತೂಕವನ್ನೂ ಗಾಲಿಯನ್ನೂ ಒಟ್ಟಿಗೇ ಬದಲಿಸಿದರೆ ಕಾರು ಓಡಿದ್ದು ಯಾವುದರಿಂದ ಎಂದು ಗೊತ್ತಾಗುವುದಿಲ್ಲ.

ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನಕ್ಕೆ ಭಾಷಣ, ಪ್ರಬಂಧಗಳ ಜೊತೆ ಇಂಥದ್ದೊಂದು ಓಟವನ್ನೂ ಇಟ್ಟುಕೊಳ್ಳಬಹುದು. ಸ್ಕೌಟ್ಸ್ ಮತ್ತು ಗೈಡ್ಸ್‌ನ ಕಬ್, ಬುಲ್‌ಬುಲ್ ಘಟಕಗಳಿರುವ ಶಾಲೆಗಳಿಗಂತೂ ಇದು ಹೇಳಿ ಮಾಡಿಸಿದ ಚಟುವಟಿಕೆ. ಮೇಷ್ಟ್ರು, ಟೀಚರು, ಅಪ್ಪ, ಅಮ್ಮ ಇವರಲ್ಲಿ ಒಂದೇ ಕೋರಿಕೆ: ಚಾಕು, ಗರಗಸಗಳ ಕೆಲಸ ನಿಮ್ಮದಾಗಿರಲಿ, ಕಾರು ಮಕ್ಕಳದಾಗಿರಲಿ.