ಹಳಿ ಹಾಸುವ ಮುನ್ನ: ಗಣಕಸಮೂಹದ ಮಾತುಕತೆ

ರೇಡಿಯೋದ ಕಿವಿ ತಿರುವುವುದು ತಮಗೆಲ್ಲ ಕೈಬಂದ ವಿದ್ಯೆ. ವಾರ್ತೆ ನಡೆಯುತ್ತಿರುವಾಗಲೇ ಧ್ವನಿಯನ್ನು ಏರಿಸಬಹುದು, ಇಳಿಸಬಹುದು, ವಾರ್ತೆಯೇನೂ ನಿಲ್ಲುವುದಿಲ್ಲ. ಆದರೆ ಎಲ್ಲ ಯಂತ್ರಗಳ ಶ್ರುತಿಯೂ ಹೀಗೆ ನಡುವೆ ಹಿಡಿಯತಕ್ಕದ್ದಲ್ಲ. ನಮ್ಮ ಇಬ್ರಾಹಿಂಪುರದ ಮೇಲೆ ಹಾಯ್ದುಹೋಗುವ ಗದಗ-ಹುಟಗಿ ರೈಲುದಾರಿಯನ್ನೇ ನೋಡಿರಿ. ಹಿಂದೆ ಅದು ಮೀಟರ್ ಗೇಜ್; ಹಳಿಗಳ ನಡುವಣ ಅಂತರ 1000 ಮಿಲಿಮೀಟರ್. ಈಗ ಬ್ರಾಡ್ ಗೇಜ್, 1676 ಮಿಲಿಮೀಟರ್. ಬಂಡಿಯ ವೇಗವನ್ನು ಚಾಲಕನು ಓಡಿಸುತ್ತಲೇ ಬದಲಿಸಬಲ್ಲನು. ಹಳಿಯ ಅಗಲವನ್ನು ಬದಲಿಸಬೇಕಾದರೆ ಬಂಡಿ ನಿಲ್ಲಬೇಕು, ಹಳಿ ಕಿತ್ತು ಹಾಸಬೇಕು.

ದೊಡ್ಡ ಗಣಕಗಳ ಲೋಕದಲ್ಲಿಯೂ ಈ ಎರಡು ಬಗೆಯ ಅಂಕಗಳಿವೆ. ಎರಡನೆಯ ಬಗೆಯನ್ನು ಕುರಿತು ಇಲ್ಲಿ ನಾಲ್ಕು ಮಾತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ‘ಸಹಸ್ರಟಿ’ ಎಂಬ ಮಹಾಗಣಕ ಸ್ಥಾಪಿತವಾಯಿತು. 2022ರಲ್ಲಿ ‘ಪರಮ್ ಪ್ರವೇಗ’ ಬಂದಿತು. ಸಹಸ್ರವೆಂದರೆ ಸಾವಿರ, ‘ಟಿ’ ಎಂದರೆ ಟೆರಾಫ್ಲಾಪ್. ಸಂಸ್ಕೃತಕ್ಕೂ ಇಂಗ್ಲಿಷಿಗೂ ಗಂಟುಹಾಕಿದ ಈ ಸಮಾಸವನ್ನು ಯಾವ ವ್ಯಾಕರಣದ ಸೂತ್ರ ಒಪ್ಪೀತೋ ಅರಿಯೆ. ‘ಪ್ರವೇಗ’ದಲ್ಲಿ ಮಾತ್ರ ದೋಷವಿಲ್ಲ. ಅದರ ಶಕ್ತಿ 3.3 ಪೆಟಾಫ್ಲಾಪ್, ಒಂದರ ಮುಂದೆ 15 ಸೊನ್ನೆಯಿಟ್ಟರೆ ಒಂದು ಪೆಟಾ. ಅಷ್ಟು ಲೆಕ್ಕ ಒಂದೊಂದು ಸೆಕೆಂಡಿಗೆ. ಹವಾಮಾನದ ಬದಲಾವಣೆ, ವಿಮಾನದ ಎಂಜಿನು, ರೋಗಾಣುಗಳ ಪ್ರೋಟೀನು ಮೊದಲಾದ ಸಂಶೋಧನೆಗಳಿಗೆ ಇಂಥ ಯಂತ್ರ ಬೇಕು.

ಇದು ಒಂದೇ ಯಂತ್ರವೆಂದು ಭಾವಿಸಬಾರದು. ನೂರಾರು ಗಣಕಗಳು ಕೂಡಿದ ಸಮೂಹ ಇದು. ಲೆಕ್ಕವನ್ನು ಹಂಚಿಕೊಂಡ ಗಣಕಗಳು ಕಡತಗಳನ್ನು ಕಾಯುವ ಸರ್ವರುಗಳೊಡನೆ ಎಡೆಬಿಡದೆ ಮಾತಾಡುತ್ತಿರಬೇಕು. ಜಗತ್ತಿನ ಅನೇಕ ಮಹಾಗಣಕಗಳಲ್ಲಿ ಈ ಕಡತಗಳ ವ್ಯವಸ್ಥೆಯನ್ನು ನೋಡಿಕೊಳ್ಳುವುದು ‘ಲಸ್ಟರ್’ ಎಂಬ ತಂತ್ರಾಂಶ. ಲಿನಕ್ಸ್, ಕ್ಲಸ್ಟರ್ ಎಂಬೆರಡು ಪದಗಳನ್ನು ಕೂಡಿಸಿ ಮಾಡಿದ ಹೆಸರು. ಅದರ ಸಂದೇಶವಾಹಕನೇ ‘ಎಲ್‌ನೆಟ್’.

ಲಿನಕ್ಸಿನ ತಿರುಳಿಗೆ ಕರ್ನೆಲ್ ಎಂದು ಹೆಸರು. ಬೇಕಾದಾಗ ಅದರೊಳಗೆ ಸೇರಿಸುವ ಭಾಗಗಳೇ ಮಾಡ್ಯೂಲುಗಳು. ಎಲ್‌ನೆಟ್ ಅಂಥದೊಂದು ಮಾಡ್ಯೂಲು. ಅದನ್ನು ಒಳಗೆ ಬಿಡುವ ಆದೇಶವು ಒಂದು ಸಣ್ಣ ಕಡತವನ್ನು ಓದಿ, ಅಲ್ಲಿ ಬರೆದ ಅಂಕಗಳನ್ನು ಅದರ ಕೈಗಿಡುತ್ತದೆ. ಒಳಹೊಕ್ಕ ಮೇಲೆ ತಾವು ಆ ಕಡತವನ್ನು ಎಷ್ಟು ತಿದ್ದಿದರೂ ಅದು ಕಣ್ಣೆತ್ತಿ ನೋಡುವುದಿಲ್ಲ. ಮಾಡ್ಯೂಲನ್ನು ಹೊರಗೆ ತೆಗೆದು ಮತ್ತೆ ಒಳಗೆ ಬಿಡಬೇಕು. ಅದಕ್ಕಾಗಿ ಕಡತವ್ಯವಸ್ಥೆಯನ್ನೇ ಕಳಚಬೇಕು. ದಿನಗಟ್ಟಲೆ ಓಡುತ್ತಿದ್ದ ಸಂಶೋಧಕರ ಲೆಕ್ಕಗಳು ಮುಗಿಯುವ ತನಕ ಕಾಯಬೇಕು, ಇಲ್ಲವೆ ಅವನ್ನು ನಡುವೆಯೇ ಕೈಬಿಡಬೇಕು. ಈಚಿನ ಆವೃತ್ತಿಗಳಲ್ಲಿ ಜಾಲಗಳನ್ನು ಓಡುತ್ತಿರುವಾಗಲೇ ಸೇರಿಸುವ ಸೌಕರ್ಯ ಬಂದಿದೆಯಾದರೂ, ಹಲವು ಅಂಕಗಳು ಇನ್ನೂ ಮೊದಲೇ ಹೇಳತಕ್ಕವುಗಳೇ.

ಅವುಗಳಲ್ಲಿ ಮೊದಲನೆಯದು, ಯಾವ ಹಾದಿಯಿಂದ ಮಾತಾಡಬೇಕೆಂಬ ಸಾಲು. ಒಂದು ಗಣಕಕ್ಕೆ ಸಾಮಾನ್ಯವಾಗಿ ಎರಡು ತಂತಿ: ಮೇಲ್ವಿಚಾರಣೆಗೆ ಈಥರ್ನೆಟ್, ಕೆಲಸಕ್ಕೆ ಅತಿವೇಗದ ಇನ್ಫಿನಿಬ್ಯಾಂಡ್. ಆ ಸಾಲನ್ನು ಬರೆಯದೆ ಬಿಟ್ಟರೆ ಎಲ್‌ನೆಟ್ ಮುನಿಯುವುದಿಲ್ಲ, ದೂರುವುದಿಲ್ಲ; ಮೊದಲು ಕಂಡ ಈಥರ್ನೆಟ್ ತಂತಿಯನ್ನೇ ಹಿಡಿದು ಹೊರಡುತ್ತದೆ. ಸಂದೇಶ ತಲಪುತ್ತದೆ, ಕಡತ ತೆರೆಯುತ್ತದೆ, ಎಲ್ಲವೂ ನೆಟ್ಟಗಿರುವಂತೆಯೇ ಕಾಣುತ್ತದೆ. ಒಂದು ತಂತಿ ಸೆಕೆಂಡಿಗೆ 1 ಗಿಗಾಬಿಟ್, ಇನ್ನೊಂದು 100 ಗಿಗಾಬಿಟ್ ಒಯ್ಯುವಂಥದಾದರೆ, ಒಂದು ಗಂಟೆಯಲ್ಲಿ ಸಾಗಬೇಕಾದ ಮಾಹಿತಿಗೆ ನಾಲ್ಕು ದಿನ ಹಿಡಿದೀತು. ಹಣ ಸುರಿದು ಹಾಕಿದ ಹೆದ್ದಾರಿ ಪಕ್ಕದಲ್ಲಿಯೇ ಬರಿದಾಗಿ ಬಿದ್ದಿರುತ್ತದೆ. ಕೂಗುವ ತಪ್ಪಿಗಿಂತ ಸುಮ್ಮನಿರುವ ತಪ್ಪು ಹೆಚ್ಚು ಅಪಾಯಕಾರಿ ಎಂಬುದನ್ನು ಉತ್ತರಪತ್ರಿಕೆ ತಿದ್ದುವ ನಾವು ಬಲ್ಲೆವು.

ಎರಡು ಬಗೆಯ ಜಾಲಗಳು ಕೂಡುವಲ್ಲಿ ನಡುವೆ ಒಂದು ಗಣಕವನ್ನು ನಿಲ್ಲಿಸಬೇಕಾಗುತ್ತದೆ. ಮೀಟರ್ ಗೇಜಿನ ಕಾಲದಲ್ಲಿ ನಮ್ಮ ಕಡೆಯ ಸರಕನ್ನು ಹುಟಗಿಯಲ್ಲಿ ಇಳಿಸಿ ದೊಡ್ಡ ಬಂಡಿಗೆ ಏರಿಸುತ್ತಿದ್ದಂತೆ, ಅದು ಸಂದೇಶಗಳನ್ನು ಈ ಜಾಲದಿಂದ ಆ ಜಾಲಕ್ಕೆ ದಾಟಿಸುತ್ತದೆ. ಅದರ ವಿಳಾಸವನ್ನೂ ಇದೇ ಕಡತದಲ್ಲಿ ಬರೆಯುವುದುಂಟು.

ಇನ್ನು ‘ಕ್ರೆಡಿಟ್’ ಎಂಬ ಅಂಕ. ಇದು ಸಾಲದ ಮಿತಿಯಂತೆ. ಒಬ್ಬ ಜೊತೆಗಾರನಿಗೆ ಕಳಿಸಿ ಇನ್ನೂ ಮುಗಿಯದಿರುವ ಸಂದೇಶಗಳು ಏಕಕಾಲಕ್ಕೆ ಎಷ್ಟಿರಬಹುದು? ಏನೂ ಹೇಳದಿದ್ದರೆ 8. ಎಲ್ಲ ಜೊತೆಗಾರರಿಗೂ ಕೂಡಿ 256. ವೇಗದ ತಂತಿಗೆ 8 ಸಾಲದೆ ಹೋಗಬಹುದು. ತಂತಿ ಬಿಡುವಾಗಿದ್ದರೂ ಕಳಿಸುವವನು ಕೈಕಟ್ಟಿ ಕಾಯುತ್ತಾನೆ. ಹಾಗೆಂದು 32ಕ್ಕೆ ಏರಿಸೋಣವೇ? 600 ಗಣಕಗಳು ಒಂದೇ ಸರ್ವರಿಗೆ ಬರೆಯುತ್ತಿದ್ದರೆ, 8ರಂತೆ 4800 ಸಂದೇಶಗಳು ಬಾಗಿಲಲ್ಲಿ ನಿಲ್ಲಬಹುದಾದಲ್ಲಿ ಈಗ 19,200 ನಿಲ್ಲಬಹುದು. ಪ್ರತಿಯೊಂದಕ್ಕೂ ಸರ್ವರು ತನ್ನ ನೆನಪಿನಲ್ಲಿ ಮೊದಲೇ ಜಾಗ ಕಾದಿರಿಸಬೇಕು. ಆದ್ದರಿಂದ ಇಲ್ಲಿ ಎಲ್ಲರಿಗೂ ಹೊಂದುವ ಒಂದಂಕವಿಲ್ಲ; ಸಮೂಹದ ಗಾತ್ರವನ್ನು ನೋಡಿಯೇ ಆರಿಸಬೇಕು. ಆರಿಸಿದ್ದನ್ನು ಎರಡೂ ತುದಿಗಳಲ್ಲಿ ಒಂದೇ ಆಗಿ ಬರೆಯುವುದು ಲೇಸು. ಹಳೆಯ ಆವೃತ್ತಿಗಳಲ್ಲಿ ಈ ಅಂಕ ಹೊಂದದಿದ್ದರೆ ಸಂಪರ್ಕವೇ ಕೂಡುತ್ತಿರಲಿಲ್ಲ.

ಅಂಕದ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ? ಈಗಿನ ಕರ್ನೆಲ್ ಅದನ್ನು ಅರಿಯದ ಪದವೆಂದು ದಿನಚರಿಯಲ್ಲಿ ಒಂದು ಸಾಲು ಬರೆದಿಟ್ಟು ಮುಂದೆ ಸಾಗುತ್ತದೆ. ಹಳೆಯ ಅಂಕವೇ ಜಾರಿಯಲ್ಲಿ ಉಳಿಯುತ್ತದೆ. ಕಾಗುಣಿತದ ಬೆಲೆ ಇಲ್ಲಿಯೂ ಉಂಟು ನೋಡಿ! ಅದಕ್ಕಾಗಿ ಅನುಭವಿಗಳು ಕಡತದಲ್ಲಿ ಬರೆದುದನ್ನು ನಂಬಿ ಕೂರುವುದಿಲ್ಲ. ಮಾಡ್ಯೂಲು ಒಳಹೊಕ್ಕ ಮೇಲೆ ಅದು ನಿಜವಾಗಿ ಹಿಡಿದಿರುವ ಅಂಕಗಳನ್ನು ಅದರಿಂದಲೇ ಕೇಳಿ ಓದಿಕೊಳ್ಳುತ್ತಾರೆ. ಅನಂತರ, ಸಂಶೋಧಕರಿಗೆ ಬಾಗಿಲು ತೆರೆಯುವ ಮುನ್ನ, ಎಲ್‌ನೆಟ್ಟಿನ ಜೊತೆಗೇ ಬರುವ ಪರೀಕ್ಷೆಯ ಸಲಕರಣೆಯಿಂದ ಎರಡು ಗಣಕಗಳ ನಡುವೆ ಸಂದೇಶಗಳನ್ನು ಓಡಿಸಿ ನೋಡುತ್ತಾರೆ. ಬಂದ ವೇಗ ಇನ್ಫಿನಿಬ್ಯಾಂಡಿನದೋ ಈಥರ್ನೆಟ್ಟಿನದೋ ಎಂಬುದು ಅಂಕ ಕಂಡೊಡನೆ ತಿಳಿದುಹೋಗುತ್ತದೆ.