ಉಳವಿಯ ಹಾದಿ ಮತ್ತು ಕಲ್ಯಾಣದ ಮದುವೆ

ಮನೆತನಗಳ ಹಗೆಗೆ ಎಳೆಯ ಪ್ರೇಮಿಗಳು ಬಲಿಯಾಗುವುದು ದುರಂತ ಸಾಹಿತ್ಯದ ಪ್ರಸಿದ್ಧ ಆಶಯಗಳಲ್ಲೊಂದು. ಷೇಕ್ಸ್‌ಪಿಯರನ ‘ರೋಮಿಯೋ ಮತ್ತು ಜೂಲಿಯೆಟ್’ ನಾಟಕದಲ್ಲಿ ಹಿರಿಯರು ರಾಜಿಯಾಗುವುದು ಮಕ್ಕಳ ಶವಗಳೆದುರಿಗೆ. ಶರಣ ಪರಂಪರೆಯ ಕಥನದಲ್ಲಿ ಈ ಆಶಯ ತಲೆಕೆಳಗಾಗಿದೆ. 12ನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ವಿವಾಹವಾಯಿತು. ಇಲ್ಲಿ ಹೆತ್ತವರೇ ಕುಲಾಭಿಮಾನವನ್ನು ತೊರೆದಿದ್ದರು. ಅವರು ತೊರೆದುದನ್ನು ಸಂಪ್ರದಾಯಸ್ಥರೂ ಪ್ರಭುತ್ವವೂ ಎತ್ತಿಕೊಂಡವು. ಬಿಜ್ಜಳನ ಆಜ್ಞೆಯಿಂದ ತಂದೆಯರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತೆಂದು ಪರಂಪರೆ ಹೇಳುತ್ತದೆ. ಅಭಿಮಾನದ ಬೇರು ಮನೆಯೊಳಗಷ್ಟೇ ಇಲ್ಲ, ಅದನ್ನು ಕಾಯುವ ಸಮಾಜದಲ್ಲಿಯೂ ಇದೆ ಎಂಬುದು ಈ ಕಥನದ ಒಳದನಿ.

ತರುವಾಯ ಚೆನ್ನಬಸವಣ್ಣನೊಡನೆ ಶರಣರು ಧಾರವಾಡ ಸೀಮೆಯ ಮೂಲಕ ಉಳವಿಗೆ ಸಾಗಿದರೆಂಬುದು ಈ ಭಾಗದ ಜನರ ನಂಬಿಕೆ. ಧಾರವಾಡ ಜಿಲ್ಲೆಯ ರೈತರು ಇಂದಿಗೂ ಭಾರತ ಹುಣ್ಣಿಮೆಯ ಉಳವಿ ಜಾತ್ರೆಗೆ ಚಕ್ಕಡಿ ಹೂಡುತ್ತಾರೆ. ವಯಸ್ಕರಿಬ್ಬರು ಒಪ್ಪಿ ಮದುವೆಯಾಗಲು ಕುಟುಂಬದ ಅಥವಾ ಸಮುದಾಯದ ಸಮ್ಮತಿ ಅಗತ್ಯವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಶಕ್ತಿವಾಹಿನಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಆದರೂ ಮರ್ಯಾದೆಯ ಹೆಸರಿನ ಹತ್ಯೆಗಳು ನಾಡಿನಲ್ಲಿ ನಿಂತಿಲ್ಲ. ಶರಣರು ನಡೆದ ಹಾದಿಯನ್ನು ಭಕ್ತಿಯಿಂದ ನೆನೆಯುವ ಜನಪದವು, ಆ ಹಾದಿಗೆ ಕಾರಣವಾದ ಮದುವೆಯನ್ನೂ ನೆನೆಯಬೇಕಾಗಿದೆ.